ಎಲ್ಲ ಟಿಟ್ಟಿಭವೂ ಮೈಮೇಲೆ ಬರುವುದಿಲ್ಲ

ಹಕ್ಕಿ ಪುಸ್ತಕಗಳಲ್ಲಿ ಪ್ರತಿ ಹಕ್ಕಿಗೂ ಒಂದೊಂದು ಗುಣ ಹಚ್ಚಿರುತ್ತಾರೆ. ಕಾಜಾಣ ಜಗಳಗಂಟ. ಟಿಟ್ಟಿಭ ಗಲಾಟೆ ಹಕ್ಕಿ. ಗುಬ್ಬಿ ಸಲಿಗೆಯದು. ಸುಳ್ಳೇನಲ್ಲ. ಗುರುತು ಹಿಡಿಯೋದಕ್ಕೆ ಅಷ್ಟು ಸಾಕು ಕೂಡ. ಆದರೆ ಒಂದೇ ಜಾಗದಲ್ಲಿ ಒಂದೇ ಜಾತಿಯ ನಾಲ್ಕಾರು ಹಕ್ಕಿಗಳನ್ನು ವರ್ಷಗಟ್ಟಲೆ ನೋಡಿದರೆ ಆ ಒಂದು ಸಾಲು ಸಾಲದಾಗುತ್ತದೆ.

ಕಲಬುರಗಿಯ ಹೊರಗೆ ಈಗ ಎಲ್ಲಿ ನೋಡಿದರೂ ಲೇಔಟ್. ಸೈಟಿನ ಕಲ್ಲು ನೆಟ್ಟಿರುತ್ತಾರೆ, ರಸ್ತೆ ಅಂತ ಮೊರಂ ಸುರಿದಿರುತ್ತಾರೆ, ಮನೆ ಮಾತ್ರ ಇನ್ನೂ ಬಂದಿರೋದಿಲ್ಲ. ಟಿಟ್ಟಿಭಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ನೆಲದಲ್ಲಿ ಸಣ್ಣ ತಗ್ಗು ಮಾಡಿ, ಸುತ್ತ ನಾಲ್ಕು ಹರಳು ಜೋಡಿಸಿ, ಹರಳಿನದೇ ಬಣ್ಣದ ನಾಲ್ಕು ಮೊಟ್ಟೆ ಇಡುತ್ತದೆ. ನಾನಿರುವ ಕಡೆ ಎರಡು ಜೋಡಿ ಹಾಗೆ ಗೂಡು ಮಾಡುತ್ತವೆ. ಒಂದು ಜೋಡಿಯ ಹತ್ತಿರ ಹೋದರೆ ಮುಗೀತು. ದೂರದಿಂದಲೇ ಚೀರುತ್ತಾ ಬಂದು ತಲೆ ಮೇಲೆ ಎರಗುತ್ತದೆ. ಹಾಲಿನ ಹುಡುಗ ಸೈಕಲ್ ದಾರಿಯನ್ನೇ ಬದಲಿಸಿಕೊಂಡಿದ್ದಾನೆ. ಇನ್ನೊಂದು ಜೋಡಿ ಸದ್ದಿಲ್ಲದೆ ಮೊಟ್ಟೆ ಬಿಟ್ಟು ಏಳುತ್ತದೆ. ತಲೆ ತಗ್ಗಿಸಿ ನಡೆದು ಹೋಗಿ, ತನಗೂ ಆ ಜಾಗಕ್ಕೂ ಸಂಬಂಧವೇ ಇಲ್ಲ ಅನ್ನೋ ಹಾಗೆ ದೂರದಲ್ಲಿ ನಿಲ್ಲುತ್ತದೆ. ಅದೇ ನೆಲ, ಅದೇ ಬೀದಿನಾಯಿ, ಅದೇ ಬಿಸಿಲು. ನಡತೆ ಮಾತ್ರ ಬೇರೆ.

ಇದನ್ನು ಹಕ್ಕಿ ನೋಡುವ ಗೆಳೆಯರಿಗೆ ಹೇಳಿದರೆ ಮೊದಲು ಬರುವ ಪ್ರಶ್ನೆ ಒಂದೇ. ಅವತ್ತು ಮೊಟ್ಟೆ ಒಡೆಯೋ ಹೊತ್ತಾಗಿತ್ತೇನೋ? ಅದಕ್ಕೇ ಸಿಟ್ಟೇನೋ? ಒಳ್ಳೆಯ ಪ್ರಶ್ನೆ. ಮರಿ ಹೊರಬರುವ ದಿನ ಹತ್ತಿರವಾದಂತೆ ತಂದೆತಾಯಿ ಜೋರಾಗೋದು ಎಷ್ಟೋ ಹಕ್ಕಿಗಳಲ್ಲಿ ಇದೆ. ಹಸಿವು, ವಯಸ್ಸು, ಹವೆ, ಎಲ್ಲವೂ ನಡತೆಯನ್ನು ಬದಲಿಸುತ್ತವೆ. ಹಾಗಾಗಿ ಒಂದು ದಿನದ ಜೋರು ನೋಡಿ ಇದು ಅದರ ಸ್ವಭಾವ ಅನ್ನೋ ಹಾಗಿಲ್ಲ. ಅದೇ ಹಕ್ಕಿ ಬೇರೆ ಬೇರೆ ದಿನ, ಬೇರೆ ಬೇರೆ ಸಂದರ್ಭದಲ್ಲಿ, ಉಳಿದ ಹಕ್ಕಿಗಳಿಗಿಂತ ಅಷ್ಟೇ ಜೋರಾಗಿ ಅಥವಾ ಅಷ್ಟೇ ಅಂಜುತ್ತಾ ಇರಬೇಕು. ಆಗ ಮಾತ್ರ ಸ್ವಭಾವ ಅನ್ನಬಹುದು.

ಇದನ್ನು ಅಳೆಯೋದಕ್ಕೆ ನೆದರ್ಲೆಂಡ್ಸ್‌ನಲ್ಲಿ ಒಂದು ಸರಳ ಉಪಾಯ ಮಾಡಿದರು. ಅಲ್ಲಿ ಗ್ರೇಟ್ ಟಿಟ್ ಅನ್ನೋ ಸಣ್ಣ ಹಕ್ಕಿ ಇದೆ. ಕರಿ ತಲೆ, ಬಿಳಿ ಕೆನ್ನೆ, ಹಳದಿ ಎದೆ. ಅದರ ಹತ್ತಿರದ ಸಂಬಂಧಿ ನಮ್ಮ ದೇಶದಲ್ಲೂ ಇದೆ, ಹಳದಿಯ ಬದಲು ಬೂದು ಬಣ್ಣದ್ದು. ಆರ್ನೆಮ್ ಊರಿನ ಹತ್ತಿರದ ಕಾಡಿನಲ್ಲಿ ಗ್ರೇಟ್ ಟಿಟ್ ಹಿಡಿದು, ಒಂದು ರಾತ್ರಿ ಇಟ್ಟುಕೊಂಡು, ಬೆಳಿಗ್ಗೆ ಒಂದು ಹೊಸ ಕೋಣೆಗೆ ಬಿಡುತ್ತಿದ್ದರು. ಕೋಣೆಯಲ್ಲಿ ಮರದಿಂದ ಮಾಡಿದ ಐದು ಗಿಡ. ಮೊದಲ ಎರಡು ನಿಮಿಷದಲ್ಲಿ ಹಕ್ಕಿ ಎಷ್ಟು ಸಲ ಹಾರಿತು, ಎಷ್ಟು ಸಲ ಕುಪ್ಪಳಿಸಿತು ಅನ್ನೋದಷ್ಟೇ ಲೆಕ್ಕ. ಆಮೇಲೆ ಹಿಡಿದ ಜಾಗಕ್ಕೇ ವಾಪಸ್. ಕೆಲವು ಹಕ್ಕಿ ಎರಡು ನಿಮಿಷದಲ್ಲಿ ಐದೂ ಗಿಡ ಸುತ್ತಿ ಮುಗಿಸುತ್ತವೆ. ಕೆಲವು ಕೂತ ಕೊಂಬೆಯಿಂದ ಅಲ್ಲಾಡುವುದಿಲ್ಲ.

ಸುಮ್ನೆ ಆಟದಂತೆ ಕಾಣುವ ಈ ಪರೀಕ್ಷೆಯಿಂದ ಬಹಳ ಹೊರಬಂತು. ಅದೇ ಹಕ್ಕಿಯನ್ನು ಮತ್ತೆ ಹಿಡಿದು ಬಿಟ್ಟರೆ ಹೆಚ್ಚುಕಡಿಮೆ ಅದೇ ರೀತಿ. ಚುರುಕಿನ ಜೋಡಿಯ ಮರಿಗಳೂ ಚುರುಕು. ಚುರುಕಿನವನ್ನು ಚುರುಕಿನ ಜೊತೆ, ನಿಧಾನದವನ್ನು ನಿಧಾನದ ಜೊತೆ ಕೂಡಿಸುತ್ತಾ ನಾಲ್ಕು ಪೀಳಿಗೆ ಹೋದಾಗ ಎರಡು ಕುಲ ಸ್ಪಷ್ಟವಾಗಿ ಬೇರೆಯಾದವು. ಅಂದರೆ ಈ ಗುಣ ರಕ್ತದಲ್ಲೂ ಬರುತ್ತದೆ.

ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಬೇರೆ. ಚುರುಕಿನ ಹಕ್ಕಿ ಜಗಳಕ್ಕೂ ಮುಂದು. ಹೊಸ ವಸ್ತುವಿಗೂ ಬೇಗ ಹತ್ತಿರ ಹೋಗುತ್ತದೆ. ಆದರೆ ಮೇಲ್ಮೇಲೆ ನೋಡುತ್ತದೆ, ಬೇಗ ಒಂದು ರೂಢಿಗೆ ಬೀಳುತ್ತದೆ. ಕಾಳಿನ ತಟ್ಟೆಯ ಜಾಗ ಬದಲಿಸಿದರೆ ಹಳೆ ಜಾಗಕ್ಕೇ ಹೋಗಿ ಹೋಗಿ ನೋಡುತ್ತದೆ. ನಿಧಾನದ ಹಕ್ಕಿ ಹತ್ತಿರ ಬರುವುದಕ್ಕೇ ತಡ ಮಾಡುತ್ತದೆ. ಆದರೆ ಸುತ್ತ ಏನು ಬದಲಾಯಿತು ಅನ್ನೋದನ್ನು ಅದೇ ಮೊದಲು ಗಮನಿಸುತ್ತದೆ. ಹಾಗಾಗಿ ಒಂದು ಧೈರ್ಯಶಾಲಿ, ಇನ್ನೊಂದು ಪುಕ್ಕಲು ಅಂತ ಅಂಕ ಕೊಟ್ಟು ಕೂರಿಸೋದು ಸರಿಯಲ್ಲ. ಎರಡೂ ಬದುಕಿನ ದಾರಿಗಳೇ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಪ್ರಾಣಿಗಳ ನಡತೆ ಎಷ್ಟರಮಟ್ಟಿಗೆ ಮರುಕಳಿಸುತ್ತದೆ ಅಂತ 2009ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. 114 ಅಧ್ಯಯನ. ಸ್ವಲ್ಪವೂ ಮರುಕಳಿಸದಿದ್ದರೆ 0, ಪೂರ್ತಿ ಮರುಕಳಿಸಿದರೆ 1 ಅನ್ನೋ ಅಳತೆಯಲ್ಲಿ ಸರಾಸರಿ 0.37. ನಡತೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಮೂರನೇ ಒಂದಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಆಯಾ ಪ್ರಾಣಿಯದು. ಉಳಿದದ್ದು ಆ ದಿನದ್ದು, ಆ ಗಳಿಗೆಯದ್ದು, ಅಳತೆಯ ತಪ್ಪಿನದು. ನಮ್ಮ ಪಕ್ಕದ ಮನೆಯವರ ಬಗ್ಗೆ ನಾವು ತೀರ್ಪು ಕೊಡುವಾಗ ಇಷ್ಟು ಲೆಕ್ಕ ಇಡೋದಿಲ್ಲ ಅಲ್ವಾ?

ಹೊಲದಲ್ಲಿ ಇದನ್ನೆಲ್ಲ ಹೇಳಿದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ನಮ್ಮ ಕಾಕಾನದು ಚಿತ್ತಾಪುರ ತಾಲ್ಲೂಕಿನಲ್ಲಿ ತೊಗರಿ ಹೊಲ. ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕ ಹುಳ ಬೀಳುತ್ತದೆ. ಔಷಧಿ ಹೊಡೆಯೋದು ಇದ್ದೇ ಇದೆ. ಅದರ ಜೊತೆ ಹೊಲದ ತುಂಬ ಇಂಗ್ಲಿಷಿನ ಟಿ ಆಕಾರದ ಕೋಲು ನೆಡುತ್ತಾರೆ, ಹಕ್ಕಿ ಬಂದು ಕೂತು ಹುಳ ಹಿಡಿಯಲಿ ಅಂತ. ಕೃಷಿ ವಿಜ್ಞಾನ ಕೇಂದ್ರದವರು ಹೇಳುವುದೂ ಇದನ್ನೇ. ಕೆಲವರು ಹಕ್ಕಿ ಕರೆಯಲು ಚುರುಮುರಿಯನ್ನೂ ಚೆಲ್ಲುತ್ತಾರೆ. ಆ ಕೋಲುಗಳ ಮೇಲೆ ಕಾಯಂ ಗಿರಾಕಿ ಕಾಜಾಣ. ಕಾಕಾ ಅವನ್ನು ಬೇರೆ ಬೇರೆಯಾಗಿಯೇ ಗುರುತಿಸುತ್ತಾರೆ.

“ಅಕಾ ಬೋರಿನ ಕಡೀದು ಅದಲ್ಲ, ಅದು ಭಾಳ ಸಿಟ್ಟಿನದು ಯವ್ವಾ. ಹದ್ದು ಬಂದ್ರೂ ಬಿಡಂಗಿಲ್ಲ. ಈ ಬದುವಿನ ಕಡೀದು ಪಾಪ, ಅಂಜುಬುರುಕ. ಮಂದಿ ಕಂಡ್ರ ಸಾಕು, ಹಾರಿ ಹೋಗಿ ಬೇವಿನ ಗಿಡದಾಗ ಕುಂದರ್ತದ.”

“ಹಂಗಾದ್ರ ಹುಳ ಜಾಸ್ತಿ ಯಾವ್ದು ತಿಂತದ ಕಾಕಾ?”

“ಅದು ನೋಡಬೇಕು ನೋಡು. ಸಿಟ್ಟಿನದು ಅರ್ಧ ದಿನ ಜಗಳದಾಗೇ ಕಳೀತದ.”

ಜೀವವಿಜ್ಞಾನದ ಮುಖ್ಯ ಪ್ರಶ್ನೆ ಇದೇ. ಹದ್ದು ಅಟ್ಟಲು ಹೋದ ಹೊತ್ತು ಹುಳ ಹಿಡಿಯೋದಕ್ಕೆ ಸಿಗುವುದಿಲ್ಲ. ಹೊತ್ತು ಒಂದೇ, ಮೈಯಲ್ಲಿನ ಕಸುವು ಒಂದೇ. ಎಲ್ಲಿ ಖರ್ಚು ಮಾಡಬೇಕು ಅನ್ನೋದು ಮಾತ್ರ ಹಕ್ಕಿಯಿಂದ ಹಕ್ಕಿಗೆ ಬೇರೆ.

ಹಾಗಾದರೆ ಈ ಖರ್ಚಿನಲ್ಲಿ ಯಾರೋ ಒಬ್ಬರು ಗೆಲ್ಲಬೇಕಲ್ಲ? ಗೆದ್ದವರ ಮರಿ ಜಾಸ್ತಿಯಾಗಿ, ಕೆಲವು ನೂರು ಪೀಳಿಗೆಯಲ್ಲಿ ಎಲ್ಲ ಹಕ್ಕಿಯೂ ಒಂದೇ ತರ ಆಗಬೇಕಿತ್ತು. ಆಗಿಲ್ಲ. ಯಾಕೆ?

ಒಂದು ಉತ್ತರ ಅದೇ ಡಚ್ ಕಾಡಿನಿಂದ 2004ರಲ್ಲಿ ಬಂತು. ಅಲ್ಲಿ ಬೀಚ್ ಅನ್ನೋ ಮರ ಇದೆ. ಅದು ಒಂದು ವರ್ಷ ರಾಶಿ ರಾಶಿ ಬೀಜ ಉದುರಿಸುತ್ತದೆ, ಇನ್ನೊಂದು ವರ್ಷ ಹೆಚ್ಚೂಕಡಿಮೆ ಏನೂ ಇಲ್ಲ. ಗ್ರೇಟ್ ಟಿಟ್‌ಗೆ ಚಳಿಗಾಲದ ಊಟವೇ ಅದು. ಒಂದು ವರ್ಷ ಚುರುಕಿನ ಗಂಡುಗಳು ಹೆಚ್ಚು ಉಳಿದವು. ಇನ್ನೊಂದು ವರ್ಷ ನಿಧಾನದ ಗಂಡುಗಳು. ಇನ್ನೂ ವಿಚಿತ್ರ ಅಂದರೆ ಹೆಣ್ಣುಗಳಲ್ಲಿ ಪ್ರತಿ ವರ್ಷ ಇದಕ್ಕೆ ಸರಿಯಾಗಿ ಉಲ್ಟಾ. ಬೀಜ ಬಿಟ್ಟ ವರ್ಷ, ಬಿಡದ ವರ್ಷಕ್ಕೆ ತಕ್ಕಂತೆ ಗೆಲ್ಲುವವರು ಬದಲಾಗುತ್ತಿದ್ದರು. ಊಟಕ್ಕೆ ಪೈಪೋಟಿ ಬಿದ್ದಾಗ ಒಂದು ಗುಣ ಕೆಲಸಕ್ಕೆ ಬರುತ್ತದೆ, ಜಾಗಕ್ಕೆ ಪೈಪೋಟಿ ಬಿದ್ದಾಗ ಇನ್ನೊಂದು. ಯಾರೂ ಕಾಯಂ ಆಗಿ ಗೆಲ್ಲುವುದಿಲ್ಲ. ಹಾಗಾಗಿ ಯಾರೂ ಪೂರ್ತಿ ಅಳಿಯುವುದೂ ಇಲ್ಲ.

ಇದನ್ನು ಓದುವಾಗ ನನಗೆ ನಮ್ಮ ಕಡೆಯ ಅಕ್ಕಡಿ ಸಾಲು ಕಣ್ಣಮುಂದೆ ಬಂತು. ಮುಂಗಾರು ನಂಬಿ ಬದುಕುವ ಸೀಮೆ ನಮ್ಮದು. 1972ರ ಬರದ ಮಾತು ಈಗಲೂ ಹಿರಿಯರ ಬಾಯಲ್ಲಿ ಇದೆ. ತೊಗರಿ ಜೊತೆ ಹೆಸರು, ಉದ್ದು, ಸಜ್ಜೆ ಅಂತ ಸಾಲು ಬಿಟ್ಟು ಸಾಲು ಹಾಕುತ್ತಾರೆ. ಹೆಸರು ಬೇಗ ಕೈಗೆ ಬರುತ್ತದೆ. ತೊಗರಿ ಆರು ತಿಂಗಳು ಕಾಯುತ್ತದೆ, ಬೇರು ಆಳಕ್ಕೆ ಇಳಿಸುತ್ತದೆ. ಮಳೆ ಬೇಗ ಬಂದು ನಿಂತರೆ ಒಂದು, ತಡವಾಗಿ ಬಂದರೆ ಇನ್ನೊಂದು. ಎರಡೂ ಪೂರ್ತಿ ಚೆನ್ನಾಗಿ ಬರೋ ವರ್ಷ ಅಪರೂಪ, ಎರಡೂ ಪೂರ್ತಿ ಹೋಗುವ ವರ್ಷವೂ ಅಪರೂಪ. ಆದರೆ ಈ ಹೋಲಿಕೆಯನ್ನು ಜಾಸ್ತಿ ಎಳೆಯಬಾರದು. ರೈತ ಯೋಚಿಸಿ ಬಿತ್ತುತ್ತಾನೆ. ಹಕ್ಕಿ ಕುಲದ ಪರವಾಗಿ ಯಾರೂ ಯೋಚಿಸಿ ಅಂಜುಬುರುಕರನ್ನೂ ಜೋರಿನವರನ್ನೂ ಬೆರೆಸಿಟ್ಟಿಲ್ಲ. ವರ್ಷಗಳು ಒಂದೇ ತರ ಇಲ್ಲದ್ದರಿಂದ ಎರಡೂ ಉಳಿದವು, ಅಷ್ಟೇ.

ಕೆಟ್ಟ ವರ್ಷದ ಕೈವಾಡ ಮೊಟ್ಟೆಯ ಲೆಕ್ಕದಲ್ಲೂ ಇದೆ. ಆಕ್ಸ್‌ಫರ್ಡ್ ಹತ್ತಿರದ ವೈಟಮ್ ಕಾಡಿನಲ್ಲಿ 1947ರಿಂದ ಇವತ್ತಿನವರೆಗೆ ಗ್ರೇಟ್ ಟಿಟ್ ಗೂಡುಗಳ ಲೆಕ್ಕ ಇಡುತ್ತಿದ್ದಾರೆ. ಶುರು ಮಾಡಿದವರು ಡೇವಿಡ್ ಲ್ಯಾಕ್. ಹಕ್ಕಿ ತನ್ನಿಂದ ಆದಷ್ಟು ಮೊಟ್ಟೆ ಇಡುವುದಿಲ್ಲ, ಸಾಕಿ ದೊಡ್ಡದು ಮಾಡಲು ಆಗುವಷ್ಟು ಇಡುತ್ತದೆ ಅನ್ನೋದು ಅವರ ವಾದ. ಲೆಕ್ಕ ಸೇರುತ್ತಾ ಹೋದಂತೆ ಒಂದು ತೊಡಕು ಕಂಡಿತು. ಅಲ್ಲಿನ ಹಕ್ಕಿಗಳು ಸರಾಸರಿ ಎಂಟೂವರೆ ಮೊಟ್ಟೆ ಇಡುತ್ತಿದ್ದವು. ಹನ್ನೆರಡರ ಹತ್ತಿರ ಇದ್ದ ಗೂಡುಗಳಿಂದಲೇ ಹೆಚ್ಚು ಮರಿ ಉಳಿಯುತ್ತಿದ್ದವು. ಹಾಗಾದರೆ ಯಾಕೆ ಇಷ್ಟು ಕಮ್ಮಿ ಇಡುತ್ತವೆ? 1987ರಲ್ಲಿ ಬಾಯ್ಸ್ ಮತ್ತು ಪೆರಿನ್ಸ್ ಅನ್ನೋ ವಿಜ್ಞಾನಿಗಳು ಕೊಟ್ಟ ಉತ್ತರ: ಕೆಟ್ಟ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಿರಿ. ಒಳ್ಳೆ ವರ್ಷದಲ್ಲಿ ದೊಡ್ಡ ಗೂಡು ಭರ್ಜರಿ ಲಾಭ. ಕೆಟ್ಟ ವರ್ಷದಲ್ಲಿ ಹೆಚ್ಚು ಪೆಟ್ಟು ಬೀಳೋದೂ ಅದಕ್ಕೇ. ಹಲವು ವರ್ಷಗಳ ಮೇಲೆ ನೋಡಿದಾಗ ಸ್ವಲ್ಪ ಕಮ್ಮಿ ಇಟ್ಟವರ ಕುಲವೇ ಮುಂದುವರಿಯುತ್ತದೆ.

ಅದರ ಮರುವರ್ಷ ಅದೇ ಕಾಡಿನಿಂದ ಇನ್ನೊಂದು ಮಾತು ಬಂತು, ನನಗೆ ಅದು ಹೆಚ್ಚು ಹಿಡಿಸಿತು. ಗೂಡಿನಿಂದ ಗೂಡಿಗೆ ಮರಿ ಬದಲಿಸಿ ಕೆಲವರಿಗೆ ಜಾಸ್ತಿ, ಕೆಲವರಿಗೆ ಕಮ್ಮಿ ಮಾಡಿ ನೋಡಿದರು. ತಾನಾಗಿ ಇಟ್ಟ ಸಂಖ್ಯೆಗೇ ಬಿಟ್ಟ ಹಕ್ಕಿಗಳೇ ಒಟ್ಟಾರೆ ಚೆನ್ನಾಗಿ ಮಾಡಿದವು. ಅಂದರೆ ಆರು ಇಟ್ಟ ಹಕ್ಕಿಗೆ ಆರೇ ಸರಿ, ಹತ್ತು ಇಟ್ಟದ್ದಕ್ಕೆ ಹತ್ತೇ ಸರಿ. ಒಂದೇ ಜಾತಿಯಲ್ಲಿ, ಒಂದೇ ಕಾಡಿನಲ್ಲಿ, ಪ್ರತಿ ಹಕ್ಕಿಗೂ ತನ್ನದೇ ಲೆಕ್ಕ.

ಜಾತಿಯಿಂದ ಜಾತಿಗೆ ಹೋದರೆ ಈ ಲೆಕ್ಕ ಇನ್ನೂ ದೂರ ದೂರ. ಗುಬ್ಬಿ ವರ್ಷಕ್ಕೆ ಎರಡು ಮೂರು ಸಲ ನಾಲ್ಕೈದು ಮೊಟ್ಟೆ ಇಡುತ್ತದೆ, ಹೆಚ್ಚಿನವು ಕೆಲವೇ ವರ್ಷ ಬದುಕುತ್ತವೆ. ಆಲ್ಬಟ್ರಾಸ್ ಅನ್ನೋ ದೊಡ್ಡ ಕಡಲಹಕ್ಕಿ ಇಡೋದು ಒಂದೇ ಮೊಟ್ಟೆ. ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ ವಿಸ್ಡಮ್ ಅನ್ನೋ ಹೆಣ್ಣು ಆಲ್ಬಟ್ರಾಸ್ ಇದೆ. 1956ರಲ್ಲಿ ಅದರ ಕಾಲಿಗೆ ಉಂಗುರ ಹಾಕಿದರು. ಆಗಲೇ ಅದು ಮೊಟ್ಟೆ ಇಡುವ ವಯಸ್ಸಿನದು. 2024ರ ಕೊನೆಗೆ ಅದು ಮತ್ತೆ ಮೊಟ್ಟೆ ಇಟ್ಟಿತು. ವಯಸ್ಸು ಎಪ್ಪತ್ತು ದಾಟಿದೆ.

ಬೇಗ ಮುಗಿಯುವ ಬದುಕಿಗೆ ಈ ವರ್ಷದ ಮರಿಯೇ ಎಲ್ಲ. ಉದ್ದ ಬದುಕುವ ಹಕ್ಕಿಗೆ ತನ್ನ ಜೀವ ಉಳಿದರೆ ಮುಂದಿನ ವರ್ಷ ಇದ್ದೇ ಇದೆ. ಇದು ಬರೀ ತರ್ಕ ಅಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ. 2001ರಲ್ಲಿ ಗಲಂಬೋರ್ ಮತ್ತು ಮಾರ್ಟಿನ್ ಉತ್ತರ ಅಮೆರಿಕದ ಐದು, ದಕ್ಷಿಣ ಅಮೆರಿಕದ ಐದು ಜಾತಿಗಳನ್ನು ಜೋಡಿ ಮಾಡಿ ನೋಡಿದರು. ಉತ್ತರದವು ಜಾಸ್ತಿ ಮೊಟ್ಟೆ ಇಟ್ಟು ಬೇಗ ಸಾಯುವಂಥವು. ದಕ್ಷಿಣದವು ಕಮ್ಮಿ ಇಟ್ಟು ಹೆಚ್ಚು ಬದುಕುವಂಥವು. ಮರಿ ತಿನ್ನುವ ಶತ್ರುವನ್ನು ಗೂಡಿನ ಹತ್ತಿರ ತೋರಿಸಿದಾಗ ಹೆಚ್ಚು ಎಚ್ಚರವಾದದ್ದು ಉತ್ತರದವು. ದೊಡ್ಡ ಹಕ್ಕಿಯನ್ನೇ ಹಿಡಿಯುವ ಶತ್ರುವನ್ನು ತೋರಿಸಿದಾಗ ಹೆಚ್ಚು ಹೆದರಿದ್ದು ದಕ್ಷಿಣದವು, ಮರಿಗೆ ಊಟ ತಪ್ಪಿದರೂ ಸರಿ ಅಂತ. ಇದನ್ನು ಓದಿದ ಮೇಲೆ ಮೊಟ್ಟೆ ಬಿಟ್ಟು ಸದ್ದಿಲ್ಲದೆ ನಡೆದುಹೋಗುವ ಟಿಟ್ಟಿಭವನ್ನು ಪುಕ್ಕಲು ಅಂತ ಬಯ್ಯೋಕೆ ಮನಸ್ಸು ಬರುವುದಿಲ್ಲ.

ಇಷ್ಟೆಲ್ಲ ಒಂದೇ ದಾರಕ್ಕೆ ಪೋಣಿಸಿಬಿಡಬಹುದು ಅಂತ ವಿಜ್ಞಾನಿಗಳಿಗೂ ಆಸೆಯಾಯಿತು. 2010ರ ಹೊತ್ತಿಗೆ ಒಂದು ದೊಡ್ಡ ಊಹೆ ಬಂತು. ಜೋರಿನ ಪ್ರಾಣಿ ಬೇಗ ಬೆಳೆಯುತ್ತದೆ, ಬೇಗ ಮರಿ ಮಾಡುತ್ತದೆ, ಬೇಗ ಸಾಯುತ್ತದೆ. ಅಂಜುಬುರುಕ ಪ್ರಾಣಿ ನಿಧಾನ ಬೆಳೆದು ಹೆಚ್ಚು ಕಾಲ ಇರುತ್ತದೆ. ಕೇಳೋಕೆ ಎಷ್ಟು ಚೆನ್ನಾಗಿದೆ. ಆದರೆ 2018ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಒಟ್ಟಾರೆ ಅಂಥ ನೆಂಟಸ್ತಿಕೆಗೆ ಬಲವಾದ ಆಧಾರ ಸಿಗಲಿಲ್ಲ. ಕೆಲವು ಕಡೆ ಇದೆ, ಕೆಲವು ಕಡೆ ಇಲ್ಲ, ಕೆಲವು ಕಡೆ ಉಲ್ಟಾ. ನನಗೆ ಇದರಿಂದ ಬೇಸರ ಆಗಲಿಲ್ಲ, ನಿಜ ಹೇಳಬೇಕಂದರೆ ಸಮಾಧಾನವೇ ಆಯಿತು. ವಾಟ್ಸಾಪಿನಲ್ಲಿ ಓಡಾಡುವ “ಧೈರ್ಯವಂತರೇ ಬೇಗ ಹೋಗುತ್ತಾರೆ” ತರದ ಮಾತಿಗೆ ಹಕ್ಕಿಯ ಸಾಕ್ಷಿ ಬೇರೆ ಸೇರಿಬಿಟ್ಟಿದ್ದರೆ ಕಷ್ಟವಿತ್ತು.

ಊರು ಬೆಳೆಯೋದಕ್ಕೂ ಇದಕ್ಕೂ ಸಂಬಂಧ ಇದೆ. ಅರ್ಜೆಂಟೀನಾದ ಬಾಹಿಯಾ ಬ್ಲಾಂಕಾ ಊರಿನ ಸುತ್ತ ನೆಲದ ಬಿಲದಲ್ಲಿ ಇರುವ ಒಂದು ಗೂಬೆ ಇದೆ. ಮನುಷ್ಯ ಎಷ್ಟು ಹತ್ತಿರ ಬಂದಾಗ ಅದು ಹಾರುತ್ತದೆ ಅಂತ ಕರೇಟೆ ಮತ್ತು ತೇಯಾ ಎಂಬ ಇಬ್ಬರು ಅಳೆದರು. ಒಂದೊಂದು ಗೂಬೆಗೂ ತನ್ನದೇ ಆದ ಒಂದು ದೂರ ಇತ್ತು, ವರ್ಷ ಕಳೆದರೂ ಅದು ಹೆಚ್ಚು ಬದಲಾಗಲಿಲ್ಲ. ಊರೊಳಗಿನ ಗೂಬೆಗಳು ಹೊಲದ ಗೂಬೆಗಳಿಗಿಂತ ಹತ್ತಿರ ಬಿಟ್ಟುಕೊಳ್ಳುತ್ತಿದ್ದವು. ಊರಲ್ಲಿದ್ದು ಅವು ಪಳಗಿದವು ಅನ್ನೋದಕ್ಕಿಂತ, ಮೊದಲೇ ಅಂಜದಂಥವು ಊರಿಗೆ ಬಂದು ನೆಲೆಸಿದವು ಅನ್ನೋದು ಅವರ ವಾದ. ನಮ್ಮ ಲೇಔಟುಗಳಲ್ಲೂ ಹೀಗೇ ಸೋಸಿಹೋಗುತ್ತಿದೆಯಾ? ಮನೆ ಕಟ್ಟಿ ಮುಗಿದ ಮೇಲೆ ಉಳಿಯುವ ಟಿಟ್ಟಿಭ ಯಾವುದು? ಟಿಟ್ಟಿಭ ಇನ್ನೂ ಇದೆ ಅಂತ ನಾವು ಸಮಾಧಾನ ಮಾಡಿಕೊಳ್ಳುವಾಗ ಅದರ ಒಂದು ಬಗೆ ಖಾಲಿಯಾಗಿರಲೂಬಹುದು.

ನಮ್ಮ ಲೆಕ್ಕಗಳಲ್ಲಿ ಅದು ಸಿಗುವುದೇ ಇಲ್ಲ. ಸಲೀಂ ಅಲಿ ಅವರು 1931ರಿಂದ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸರ್ವೆ ಮಾಡಿದರು. ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1933–34ರಲ್ಲಿ ಬಂತು. ಕಲಬುರಗಿ, ಬೀದರ್ ಆಗ ನಿಜಾಮರ ಕೈಯಲ್ಲಿದ್ದವು. ಆ ಕಾಲದ ಪದ್ಧತಿಯಂತೆ ಹಕ್ಕಿಯನ್ನು ಹೊಡೆದು, ಚರ್ಮ ಒಣಗಿಸಿ, ಚೀಟಿ ಕಟ್ಟಿ ಇಡುತ್ತಿದ್ದರು. ದೊಡ್ಡ ಕೆಲಸ, ನಮ್ಮ ಭಾಗದ ಹಕ್ಕಿಗಳ ಬಗ್ಗೆ ಇವತ್ತಿಗೂ ಆಧಾರ. ಆದರೆ ಚರ್ಮದಲ್ಲಿ ಗರಿಯ ಬಣ್ಣ ಸಿಗುತ್ತದೆ, ಅಳತೆ ಸಿಗುತ್ತದೆ, ಸ್ವಭಾವ ಸಿಗುವುದಿಲ್ಲ.

ಜೀವಂತ ಹಿಡಿದರೂ ಒಂದು ತೊಂದರೆ ಇದೆ. ಕೊರಳಪಟ್ಟಿ ಇರುವ ಒಂದು ನೊಣಹಿಡುಕ ಹಕ್ಕಿಯ ಮೇಲೆ ಹಂಗೇರಿಯಲ್ಲಿ ಮಾಡಿದ ಕೆಲಸ 2009ರಲ್ಲಿ ಬಂತು. ಹೆಚ್ಚು ಧೈರ್ಯದ ಹಕ್ಕಿಗಳೇ ಬೋನಿಗೆ ಸುಲಭವಾಗಿ ಬೀಳುತ್ತಿದ್ದವು. ಹಾಗಾದರೆ ಹಿಡಿದು, ಉಂಗುರ ಹಾಕಿ, ಅಳೆದು ನಾವು ಕಲಿತದ್ದರಲ್ಲಿ ಸಿಕ್ಕಿಬಿದ್ದವರ ಪಾಲೇ ಜಾಸ್ತಿ. ನಮ್ಮ ಫೋಟೋಗಳೂ ಅಷ್ಟೇ. ಸುರಪುರದ ಬೋನಾಳ ಕೆರೆಗೆ, ಚಿಂಚೋಳಿ ಕಾಡಿಗೆ ಉದ್ದ ಲೆನ್ಸ್ ಹೊತ್ತು ಹೋಗುತ್ತೇವೆ. ಹತ್ತಿರ ಬಿಟ್ಟುಕೊಂಡ ಹಕ್ಕಿಯ ಫೋಟೋ ಫೇಸ್‌ಬುಕ್ಕಿಗೆ ಬರುತ್ತದೆ. ಜೊಂಡಿನ ಒಳಗೆ ಸರಿದು ಹೋದದ್ದು ಬರುವುದಿಲ್ಲ. ಎಲ್ಲ ಫೋಟೋ ಸೇರಿಸಿದರೂ ಸಿಗುವುದು ಅಂಜದವರ ಆಲ್ಬಂ.

ಒಂದೊಂದು ಹಕ್ಕಿಯ ಸ್ವಭಾವ ಗಮನಿಸೋದಕ್ಕೆ ದೊಡ್ಡ ಸಲಕರಣೆ ಏನೂ ಬೇಕಿಲ್ಲ, ಸ್ವಲ್ಪ ಶಿಸ್ತು ಬೇಕು. ತನ್ನ ಜಾಗ ಬಿಡದ ಹಕ್ಕಿಯನ್ನು ಆರಿಸಿಕೊಳ್ಳಿ. ಟಿಟ್ಟಿಭ, ಕಾಜಾಣ, ಹಳೇ ಗೋಡೆಯ ಪೊಟರೆಯ ಸಣ್ಣ ಗೂಬೆ, ಯಾವುದಾದರೂ ಸರಿ. ಕಾಲಿಗೆ ಉಂಗುರ ಇಲ್ಲದಿದ್ದರೂ ಜಾಗದಿಂದ ಗುರುತು ಸಿಗುತ್ತದೆ, ಪೂರ್ತಿ ಖಾತ್ರಿ ಅಲ್ಲದಿದ್ದರೂ. ಪ್ರತಿ ಸಲ ಒಂದೇ ವೇಗದಲ್ಲಿ, ಒಂದೇ ಹೊತ್ತಿನಲ್ಲಿ, ಒಬ್ಬರೇ ನಡೆಯಿರಿ. ಎಷ್ಟು ಹೆಜ್ಜೆ ಉಳಿದಾಗ ಹಾರಿತು, ಹಾರಿ ಎಲ್ಲಿ ಕೂತಿತು, ಕೂಗಿತಾ ಇಲ್ವಾ, ಇಷ್ಟು ಬರೆದಿಡಿ. ಅವತ್ತು ಮೊಟ್ಟೆ ಇತ್ತಾ, ಮರಿ ಇತ್ತಾ ಅನ್ನೋದನ್ನೂ ಬರೆಯಿರಿ, ಇಲ್ಲದಿದ್ದರೆ ಲೆಕ್ಕವೆಲ್ಲ ದಂಡ. ನಾನು ಇ-ಬರ್ಡ್ ಅನ್ನೋ ಜಾಲತಾಣದಲ್ಲಿ ನೋಡಿದ ಹಕ್ಕಿಗಳ ಪಟ್ಟಿ ಹಾಕುವಾಗ ಟಿಪ್ಪಣಿಯ ಜಾಗದಲ್ಲಿ ಇದನ್ನು ಸೇರಿಸುತ್ತೇನೆ. ಬೀದರ್ ಕಡೆ ಹುಲ್ಲುಗಾವಲಿನ ಟಿಟ್ಟಿಭವನ್ನೂ ಊರೊಳಗಿನದನ್ನೂ ಯಾರಾದರೂ ಹೀಗೆ ಹೋಲಿಸಿ ನೋಡಿದರೆ ನನಗೂ ತಿಳಿಸಿ.

ಆದರೆ ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ಗೂಡಿನ ಹತ್ತಿರ ಇದನ್ನು ಮಾಡಬೇಡಿ. ಮೇ ತಿಂಗಳ 43 ಡಿಗ್ರಿಯಲ್ಲಿ ಟಿಟ್ಟಿಭ ಮೊಟ್ಟೆ ಮೇಲೆ ಕೂರುವುದು ಕಾವಿಗಲ್ಲ, ನೆರಳಿಗೆ. ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ನೀವು ಎಬ್ಬಿಸಿದರೆ ಜೋರಿನದು ನಿಮ್ಮ ಮೇಲೆ ಬಂದು ಕೂಗಾಡುವಷ್ಟು ಹೊತ್ತೂ, ಅಂಜುಬುರುಕ ದೂರ ನಿಂತು ಕಾಯುವಷ್ಟು ಹೊತ್ತೂ ಮೊಟ್ಟೆ ಬಿಸಿಲಿಗೆ ಬಿದ್ದಿರುತ್ತದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಹೋಗಿ, ಇಲ್ಲವೇ ಮಳೆಗಾಲ ಕಳೆದ ಮೇಲೆ ಶುರು ಮಾಡಿ.